ದೋಣಿಯ ಮಲತೊಟ್ಟಿಯ ನಾತಕ್ಕೆ ಗೆರಟೆ ಇದ್ದಿಲು

ಮೂಗು ಹಿಡಿದುಕೊಂಡು ಓದಬೇಕಾದ ವಿಷಯವಿದು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಪತ್ರಿಕೆಯಲ್ಲಿ ಕಕ್ಕಸಿನ ವಿಚಾರ ಬರೆಯುವುದೇ ಎಂದು ಹುಬ್ಬೇರಿಸುವ ಹಿರಿಯರು ನಮ್ಮ ಓದುಗರಲ್ಲಿ ಇದ್ದಾರೆ, ಅವರ ಕ್ಷಮೆಯಿರಲಿ. ಆದರೆ ನೀಲೇಶ್ವರದ ಕೋಟಪ್ಪುರದಿಂದ ವಲಿಯಪರಂಬದ ಹಿನ್ನೀರಿಗೆ ದೋಣಿಮನೆಗಳು ಓಡಾಡತೊಡಗಿದ ಮೇಲೆ, ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ಹಗಲು ಒಂದು ರಾತ್ರಿ ನೀರಿನ ಮೇಲೆ ಕಳೆದು ಬರುವುದು ನಮ್ಮ ಕಡೆಯವರಿಗೂ ಹೊಸತಲ್ಲ. ಹೋಗಿ ಬಂದವರು ತೆಂಗಿನ ಸಾಲುಗಳನ್ನೂ ಕರಿಮೀನಿನ ರುಚಿಯನ್ನೂ ವರ್ಣಿಸಿ, ಕೊನೆಗೆ ದನಿ ತಗ್ಗಿಸಿ, “ಎಲ್ಲ ಚೆನ್ನಾಗಿತ್ತು, ಆದರೆ ರಾತ್ರಿ ಗಾಳಿ ನಿಂತ ಮೇಲೆ ಒಂದು ನಾತ...” ಎನ್ನುವುದುಂಟು. ಆ ನಾತ ಎಲ್ಲಿಂದ ಬರುತ್ತದೆ, ಅದನ್ನು ದೋಣಿಯವರು ತಾವೇ ಹೇಗೆ ಸರಿಪಡಿಸಿಕೊಳ್ಳಬಹುದು ಎಂಬುದು ಈ ಬರಹದ ವಿಷಯ.

ಊದುಬತ್ತಿ ಹಚ್ಚುವುದು, ಕಕ್ಕಸಿಗೆ ಫಿನಾಯಿಲ್ ಸುರಿಯುವುದು, ಸುವಾಸನೆಯ ಗುಳಿಗೆ ತೂಗುಹಾಕುವುದು, ಇವೆಲ್ಲ ನಡೆದೇ ಇವೆ. ಇವುಗಳಿಂದ ನಾತಕ್ಕೆ ಮಲ್ಲಿಗೆಯ ಪರಿಮಳ ಸೇರಿ ಮೂರನೆಯದೊಂದು ವಾಸನೆ ಹುಟ್ಟುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಾತ ತಡೆಯಲಾರದ ದೋಣಿಯಲ್ಲಿ, ತೊಟ್ಟಿಯನ್ನು ಆದಷ್ಟು ಬೇಗ ಖಾಲಿ ಮಾಡಿಬಿಡುವ ಆಸೆ ಹುಟ್ಟುತ್ತದೆ. ದಡ ದೂರ, ಕತ್ತಲೆ ಹತ್ತಿರ. ಖಾಲಿ ಮಾಡಿದ್ದು ಬೀಳುವುದು ಎಲ್ಲಿಗೆ? ಪಡನ್ನ, ಚೆರುವತ್ತೂರು ಕಡೆ ಅದೇ ಹಿನ್ನೀರಿನಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು, ಹಗ್ಗಗಳನ್ನು ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಬೆಳೆಸಿ ಜೀವನ ಸಾಗಿಸುತ್ತಾರೆ. ಈ ಚಿಪ್ಪುಜೀವಿ ದಿನಕ್ಕೆ ಹತ್ತಾರು ಲೀಟರು ನೀರನ್ನು ತನ್ನೊಳಗೆ ಹಾಯಿಸಿ ಸೋಸಿ ತಿನ್ನುವ ಪ್ರಾಣಿ. ನೀರಿನಲ್ಲಿ ರೋಗಾಣುವಿದ್ದರೆ ಅದೂ ಅದರ ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತದೆ, ಆಮೇಲೆ ನಮ್ಮ ತಟ್ಟೆಗೆ ಬರುತ್ತದೆ. ಆದ್ದರಿಂದ ತೊಟ್ಟಿಯ ನಾತ ತಡೆಯುವ ಫಿಲ್ಟರ್ ಎಂಬುದು ಪ್ರವಾಸಿಗಳ ಮೂಗಿನ ಸುಖಕ್ಕೆಂದು ಇರುವ ಶೋಕಿಯ ವಸ್ತುವಲ್ಲ.

ಕೋಟಿಕುಳಂ, ಉದುಮ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರಿಗೆ ಈ ಕಟ್ಟುಪಾಡುಗಳು ಗೊತ್ತಿರುತ್ತವೆ. ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ನಾಲ್ಕನೆಯ ಅನುಬಂಧ 2003ರ ಸೆಪ್ಟೆಂಬರ್ 27ರಂದು ಜಾರಿಗೆ ಬಂತು. ದೇಶದಿಂದ ದೇಶಕ್ಕೆ ಹೋಗುವ, 400 ಟನ್ನಿನಿಂದ ಮೇಲಿನ ಅಥವಾ 15ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ಹಡಗುಗಳು, ಶುದ್ಧೀಕರಿಸದ ಮಲವನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ ಅಲ್ಲದೆ ಬಿಡುವಂತಿಲ್ಲ ಎಂದು ಅದರ ಸಾರಾಂಶ. ನಮ್ಮ ಹಿನ್ನೀರಿನಲ್ಲಿ ದಡದಿಂದ ಅಷ್ಟು ದೂರ ಹೋಗುವುದೆಂದರೆ ಆಚೆಯ ದಡ ದಾಟಿ ಅರಬ್ಬೀ ಸಮುದ್ರದೊಳಕ್ಕೇ ಹೋಗಬೇಕಾದೀತು. ಆಲಪ್ಪುಳದ ಕಡೆ ಕುಪ್ಪಪ್ಪುರಂನಲ್ಲಿ ದೋಣಿಮನೆಗಳ ಮಲಿನವನ್ನು ಪಡೆದು ಶುದ್ಧೀಕರಿಸಲು ಸ್ಥಾವರವನ್ನೇ ಕಟ್ಟಬೇಕಾಯಿತು. ಅಂತೂ ಹಿನ್ನೀರಿನ ದೋಣಿಗೆ ಇರುವುದು ಒಂದೇ ದಾರಿ: ತೊಟ್ಟಿಯಲ್ಲಿ ಇಟ್ಟುಕೊಳ್ಳುವುದು, ದಡದಲ್ಲಿ ಪಂಪಿನಿಂದ ತೆಗೆಸುವುದು. ಇಟ್ಟುಕೊಳ್ಳಬೇಕಾದರೆ ನಾತ ಹತೋಟಿಯಲ್ಲಿರಬೇಕು.

ತೊಟ್ಟಿಯೂ ಉಸಿರಾಡುತ್ತದೆ

ಮಲತೊಟ್ಟಿಗೆ ಮೂರು ದಾರಿಗಳಿವೆ. ಕಕ್ಕಸಿನಿಂದ ಬರುವ ಪೈಪು ಒಂದು, ಪಂಪಿಗೆ ಹೋಗುವ ಪೈಪು ಇನ್ನೊಂದು. ಮೂರನೆಯದು ಹೆಬ್ಬೆರಳಿನ ದಪ್ಪದ ಗಾಳಿಕೊಳವೆ. ತೊಟ್ಟಿಯ ನೆತ್ತಿಯಿಂದ ಹೊರಟು ದೋಣಿಯ ಪಕ್ಕದಲ್ಲಿ ಹೊರಗೆ ತೆರೆದುಕೊಳ್ಳುತ್ತದೆ. ಒಳಗೆ ಎರಡು ಲೀಟರು ನೀರು ಬಿದ್ದರೆ ಎರಡು ಲೀಟರು ಗಾಳಿ ಈ ಕೊಳವೆಯಿಂದ ಹೊರಗೆ ಹೋಗಬೇಕು. ಪಂಪು ನಿಮಿಷಕ್ಕೆ ನೂರು ಲೀಟರು ಎಳೆದರೆ ನೂರು ಲೀಟರು ಗಾಳಿ ಇದರಿಂದಲೇ ಒಳಗೆ ಬರಬೇಕು. ಪ್ರವಾಸಿಗಳು ಮೇಲೆ ಕುಳಿತು ಚಹಾ ಕುಡಿಯುವ ಜಾಗದ ನೇರ ಕೆಳಗೇ ಕೆಲವೊಮ್ಮೆ ಈ ಕೊಳವೆಯ ಬಾಯಿ ಇರುತ್ತದೆ. ದೋಣಿ ಕಟ್ಟಿದವರಿಗೆ ಇದು ಹೊಳೆಯದಿದ್ದುದು ಆಶ್ಚರ್ಯ!

ನಾತಕ್ಕೆ ಕಾರಣ ಮಲವಲ್ಲ, ಗಾಳಿಯ ಅಭಾವ ಎಂದರೆ ಹಲವರು ನಂಬಲಾರರು. ಗಾಳಿ ಸಿಕ್ಕಿದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ, ಅದಕ್ಕೆ ನಾತವಿಲ್ಲ. ಗಾಳಿ ಸಿಗದಲ್ಲಿ ಬೇರೆ ಜಾತಿಯವು ಮೇಲುಗೈ ಪಡೆಯುತ್ತವೆ. ಅವು ಬಿಡುವುದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್, ಅದರೊಡನೆ ಬೆಂಕಿ ಹತ್ತುವ ಮೀಥೇನ್. ಉಪ್ಪುನೀರಿನಲ್ಲಿ ಕಕ್ಕಸು ತೊಳೆಯುವ ದೋಣಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ನಾತದ ಅನಿಲಕ್ಕೆ ಅದೇ ಕಚ್ಚಾವಸ್ತು. ಕಡಲು ಸೇರುವಲ್ಲಿನ ಹಿನ್ನೀರಿನಲ್ಲಿಯೂ ಇದರ ಪಾಲು ಇದ್ದೇ ಇರುತ್ತದೆ. ಸಿಹಿನೀರು ಹೊತ್ತೊಯ್ಯುವ ದೋಣಿಯವರು ಕಕ್ಕಸಿಗೂ ಅದನ್ನೇ ಬಳಸಿದರೆ ಅರ್ಧ ಕೆಲಸ ಮುಗಿದಂತೆ. ಫಿನಾಯಿಲಿನದು ತದ್ವಿರುದ್ಧ ಕೆಲಸ: ಅದು ಒಳ್ಳೆಯ ಜೀವಿಗಳನ್ನೂ ಕೊಂದುಹಾಕುತ್ತದೆ. ಕಕ್ಕಸು ಉಜ್ಜುವ ಆ್ಯಸಿಡ್ ಅಂತೂ ತೊಟ್ಟಿಗೆ ಬೀಳಲೇಬಾರದು. ಕೆಸರಿನಲ್ಲಿ ಅಡಗಿರುವ ಗಂಧಕದ ಅನಿಲವನ್ನು ಅದು ಒಮ್ಮೆಲೇ ಎಬ್ಬಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ನಾತ ಉಳಿಯುವುದು ಸಹಜ. ಅದಕ್ಕೇ ಫಿಲ್ಟರ್.

ಒಂದು ಗ್ರಾಮಿನಲ್ಲಿ ಇಪ್ಪತ್ತೈದು ಸೆಂಟ್ಸ್

ವಿದೇಶದ ಮೋಜಿನ ದೋಣಿಗಳಲ್ಲಿ ಈ ಫಿಲ್ಟರ್ ಸಾಮಾನ್ಯ ವಸ್ತು. ಹೊರಗಿನಿಂದ ನೋಡಿದರೆ ಮೊಳಕೈ ಗಾತ್ರದ ಒಂದು ಪ್ಲಾಸ್ಟಿಕ್ ಉರುಟು ಡಬ್ಬಿ. ಎರಡು ತುದಿಗೂ ಪೈಪು ಸಿಕ್ಕಿಸಲು ಮೂತಿ. ಬಿಚ್ಚಿ ನೋಡಿದರೆ ಒಳಗೆ ಕರಿಯ ಹರಳು. ಇದು ಬಹುತೇಕ ತೆಂಗಿನ ಗೆರಟೆಯ ಇದ್ದಿಲು! ನಮ್ಮ ಹಿತ್ತಲಿನಲ್ಲಿ ರಾಶಿ ಬಿದ್ದು, ಬಚ್ಚಲ ಒಲೆಗೆ ಹೋಗುವ ಗೆರಟೆ ಅಲ್ಲಿ ಡಾಲರಿನ ಬೆಲೆಗೆ ಮಾರಾಟವಾಗುತ್ತದೆ. 1916ರಿಂದಲೂ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನವರಾದ ನಾವು ಇದನ್ನು ಕೇಳಿ ಹೆಮ್ಮೆಪಡುವುದೋ, ತಲೆ ಚಚ್ಚಿಕೊಳ್ಳುವುದೋ ಓದುಗರೇ ಹೇಳಲಿ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಉಳಿಸಿದ ಮುಖವಾಡಗಳಲ್ಲಿಯೂ ಗೆರಟೆಯ ಇದ್ದಿಲನ್ನು ಬಳಸಿದ್ದರು.

ಹಾಗೆಂದು ಒಲೆಯಲ್ಲಿ ಉಳಿದ ಇದ್ದಿಲನ್ನು ತುಂಬಿದರೆ ಆಯಿತೇ ಎಂದು ಕೇಳಬಹುದು. ಆಗದು. ಒಲೆಯ ಇದ್ದಿಲಿನ ರಂಧ್ರಗಳು ಟಾರಿನಂಥ ಅಂಟಿನಿಂದ ಮುಚ್ಚಿರುತ್ತವೆ. ಕಾರ್ಖಾನೆಯಲ್ಲಿ ಅದನ್ನು 800ರಿಂದ 1000 ಡಿಗ್ರಿ ಶಾಖದಲ್ಲಿ ನೀರಾವಿ ಹಾಯಿಸಿ ಚುರುಕುಗೊಳಿಸುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದ ಗುಹೆಗಳು ತೆರೆದುಕೊಳ್ಳುತ್ತವೆ. ನೂರು ಕಿಲೋ ಗೆರಟೆಯಿಂದ ಇದ್ದಿಲು ಸಿಗುವುದೇ ಸುಮಾರು ಮೂವತ್ತು ಕಿಲೋ. ಚುರುಕುಗೊಳಿಸುವಾಗ ಅದರಲ್ಲಿಯೂ ಬಹುಪಾಲು ಉರಿದುಹೋಗುತ್ತದೆ. ಉಳಿದದ್ದರ ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸೆಂಟ್ಸ್ ಜಾಗ! ನಾತದ ಅಣುಗಳು ಈ ಜಾಗದ ಮೈಗೆಲ್ಲ ಅಂಟಿಕೊಂಡು ನಿಲ್ಲುತ್ತವೆ. ಗಾಳಿ ಮಾತ್ರ ಹಗುರಾಗಿ ಹೊರಗೆ ಹೋಗುತ್ತದೆ. ಹೈಡ್ರೋಜನ್ ಸಲ್ಫೈಡನ್ನು ಇನ್ನೂ ಚೆನ್ನಾಗಿ ಹಿಡಿಯಲೆಂದು ಕ್ಷಾರ ಲೇಪಿಸಿದ ಇದ್ದಿಲೂ ಸಿಗುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು.

ಈ ಇದ್ದಿಲಿಗೆ ಎರಡು ಶತ್ರುಗಳು. ಒಂದು ಕಾಲ: ಜಾಗವೆಲ್ಲ ಭರ್ತಿಯಾದ ಮೇಲೆ ಅದು ಏನನ್ನೂ ಹಿಡಿಯದು. ಇನ್ನೊಂದು ನೀರು, ಇದೇ ದೊಡ್ಡ ಶತ್ರು. ರಂಧ್ರಗಳಲ್ಲಿ ನೀರು ತುಂಬಿತೋ, ನಿನ್ನೆ ಹಾಕಿದ ಫಿಲ್ಟರೂ ಇವತ್ತು ಕೆಲಸಕ್ಕೆ ಬಾರದು. ಮೇಲಾಗಿ ತೊಟ್ಟಿಯ ಉಸಿರನ್ನೇ ಕಟ್ಟಿಬಿಡುತ್ತದೆ. ಹಳೆಯದನ್ನು ತೊಳೆದು ಒಣಗಿಸಿ ಮತ್ತೆ ಹಾಕುವ ಜಾಣತನ ಬೇಡ. ಬಿಸಿಲಿಗೂ ಅಡುಗೆಮನೆಯ ಬೆಂಕಿಗೂ ಆ ಅಣುಗಳು ಬಿಡುವುದಿಲ್ಲ.

ಮೊದಲು ಕಳ್ಳನನ್ನು ಹುಡುಕಿ

ಫಿಲ್ಟರಿಗೆ ಕೈ ಹಾಕುವ ಮೊದಲು ನಾತ ಅದರಿಂದಲೇ ಬರುತ್ತಿದೆಯೇ ಎಂದು ನೋಡಬೇಕು. ಇದಕ್ಕೊಂದು ಸುಲಭದ ಉಪಾಯವಿದೆ. ಒಗೆದ ಬಟ್ಟೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕಕ್ಕಸಿನ ಪೈಪಿಗೆ ಒಂದು ಕಡೆ ಸುತ್ತಿ, ತಣಿದ ಮೇಲೆ ಬಿಚ್ಚಿ ದೂರ ಹೋಗಿ ಮೂಸಿ ನೋಡುವುದು. ಬಟ್ಟೆಗೆ ನಾತ ಹತ್ತಿದ್ದರೆ ಪೈಪಿನ ಗೋಡೆಯೇ ನಾತವನ್ನು ಕುಡಿದು ಹೊರಗೆ ಬಿಡುತ್ತಿದೆ ಎಂದರ್ಥ. ಆಗ ಪೈಪನ್ನೇ ಬದಲಿಸಬೇಕು. ಹತ್ತು ಫಿಲ್ಟರ್ ಹಾಕಿದರೂ ವ್ಯರ್ಥ. ಪೈಪಿನ ಉದ್ದಕ್ಕೂ ಮೂರು ನಾಲ್ಕು ಕಡೆ, ಪ್ರತಿ ಸಲ ಬೇರೆ ಬಟ್ಟೆಯಿಂದ, ಹೀಗೆ ನೋಡಬೇಕು. ದೋಣಿಯ ತಳದಲ್ಲಿ ನಿಂತ ಕೊಚ್ಚೆನೀರು ಕಾರಣವೋ ಎಂದೂ ನೋಡಿ. ಮೀನು ತೊಳೆದ ನೀರು ಅಲ್ಲಿಗೆ ಇಳಿದಿದ್ದರೆ ಪಾಪ, ಕಕ್ಕಸಿನ ತಪ್ಪೇನೂ ಇರುವುದಿಲ್ಲ.

ಕೊಳವೆ ಕಟ್ಟಿರುವುದರ ಗುರುತುಗಳು ಬೇರೆ. ಕಕ್ಕಸಿಗೆ ನೀರು ಬಿಟ್ಟಾಗ ಗುಳುಗುಳು ಸದ್ದಾಗಿ ಗುಳ್ಳೆ ಮೇಲೆ ಬರುವುದು, ಪಂಪಿನ ಮುಚ್ಚಳ ತಿರುಗಿಸಿದಾಗ ಒಳಗಿನದು ಬುಸ್ಸೆಂದು ಚಿಮ್ಮುವುದು, ಪಂಪು ಎಳೆಯುವಾಗ ತೊಟ್ಟಿಯ ಗೋಡೆ ಒಳಕ್ಕೆ ಕುಗ್ಗುವುದು. ಕೊನೆಯದನ್ನು ಅಲಕ್ಷಿಸಿದರೆ ಪ್ಲಾಸ್ಟಿಕ್ ತೊಟ್ಟಿ ಬಿರಿಯುತ್ತದೆ. ಬಿರಿದ ಮೇಲಿನ ಕಥೆಯನ್ನು ನಾವು ಹೇಳಬೇಕಾಗಿಲ್ಲ.

ಬದಲಿಸುವ ಕ್ರಮ

ತೊಟ್ಟಿಯನ್ನು ದಡದಲ್ಲಿ ಖಾಲಿ ಮಾಡಿಸಿದ ದಿನವೇ ಈ ಕೆಲಸಕ್ಕೆ ಶುಭ ದಿನ. ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಅಡುಗೆಯ ಒಲೆ ಆರಿಸಿರಬೇಕು, ಬೀಡಿ ಸಿಗರೇಟು ಯಾರ ಬಾಯಲ್ಲಿಯೂ ಇರಕೂಡದು. ರಬ್ಬರ್ ಕೈಚೀಲ ಹಾಕಿಕೊಂಡು, ಕೆಳಗೆ ಹಳೆಯ ಪತ್ರಿಕೆ ಹಾಸಿ (ನಮ್ಮದನ್ನೇ ಹಾಸಿದರೂ ಬೇಸರವಿಲ್ಲ) ಎರಡು ಕಡೆಯ ಕ್ಲಿಪ್ಪುಗಳನ್ನು ಸಡಿಲಿಸಿ ಡಬ್ಬಿಯನ್ನು ಬಿಡಿಸಬೇಕು. ಅದರ ಮೇಲೆ ಬಾಣದ ಗುರುತಿದ್ದರೆ ಯಾವ ಕಡೆಗಿತ್ತು ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಡಬ್ಬಿ ಕೈಯಲ್ಲಿ ಭಾರವಾಗಿ, ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಬರಿಯ ಇದ್ದಿಲು ಬದಲಿಸಿ ಪ್ರಯೋಜನವಿಲ್ಲ. ನೀರು ಹೇಗೆ ಹೊಕ್ಕಿತೆಂದು ಪತ್ತೆಹಚ್ಚಬೇಕು. ಸಾಮಾನ್ಯವಾಗಿ ತೊಟ್ಟಿಯನ್ನು ಕಂಠಮಟ್ಟ ತುಂಬಿಸಿದ್ದೇ ಕಾರಣವಾಗಿರುತ್ತದೆ. ಮುಕ್ಕಾಲಿಗಿಂತ ಮೇಲೆ ಹೋಗಬಾರದು ಎಂಬ ನಿಯಮವನ್ನು ದೋಣಿಯ ಎಲ್ಲರೂ ತಿಳಿದಿರಬೇಕು. ಇಲ್ಲವಾದರೆ ಗಾಳಿಕೊಳವೆ ಎಲ್ಲಿಯೋ ತೊಟ್ಟಿಲಿನಂತೆ ಜೋತುಬಿದ್ದು ಆ ತಗ್ಗಿನಲ್ಲಿ ನೀರು ನಿಂತಿರುತ್ತದೆ. ಕೊಳವೆ ತೊಟ್ಟಿಯಿಂದ ಫಿಲ್ಟರಿನವರೆಗೆ ಏರುತ್ತಲೇ ಹೋಗಬೇಕು, ಆಗ ಒಳಗೆ ಬೆವರಿದ ನೀರು ತಾನಾಗಿ ತೊಟ್ಟಿಗೆ ಇಳಿದುಹೋಗುತ್ತದೆ. ಫಿಲ್ಟರ್ ತೊಟ್ಟಿಯ ನೆತ್ತಿಗಿಂತ ಆದಷ್ಟು ಎತ್ತರದಲ್ಲಿ, ನೆಟ್ಟಗೆ ನಿಂತಿರಬೇಕು.

ಡಬ್ಬಿ ಬಿಚ್ಚಿದ ಹೊತ್ತಿನಲ್ಲಿ ಕೊಳವೆಯನ್ನೂ ತೊಳೆಯಿರಿ. ಹೊರಬಾಯಿಯಿಂದ ಸಿಹಿನೀರು ಬಿಟ್ಟರೆ ಉಪ್ಪು, ಜೇಡರಬಲೆ ಎಲ್ಲ ಇಳಿದುಹೋಗುತ್ತವೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಈ ತೂತು ಬಹಳ ಇಷ್ಟ. ಮಳೆಗಾಲದಲ್ಲಿ ದೋಣಿ ಕಟ್ಟಿಹಾಕಿದ್ದ ತಿಂಗಳುಗಳಲ್ಲಿ ಅದು ಸಂಸಾರ ಹೂಡಿರುತ್ತದೆ. ದೋಣಿಗೆ ಬಣ್ಣ ಹಚ್ಚಿದವನು ಬಾಯಿಯ ಬಲೆಗೂ ಬಳಿದು ಮುಚ್ಚಿದ್ದೂ ಉಂಟು. ಊದಿ ನೋಡುವುದಾದರೆ ಸೈಕಲ್ ಪಂಪಿನಿಂದ ಊದಿ, ಬಾಯಿಯಿಂದ ಸರ್ವಥಾ ಬೇಡ.

ಹೊಸ ಇದ್ದಿಲು ಎರಡರಿಂದ ನಾಲ್ಕು ಮಿಲಿಮೀಟರಿನ ಹರಳಾಗಿರಬೇಕು. ಪುಡಿಯಾದರೆ ಗಾಳಿ ಹಾಯದು. ನೀರು ಸೋಸುವ ಉಪಕರಣಗಳಿಗೂ ಮೀನಿನ ಗಾಜುಪೆಟ್ಟಿಗೆಗಳಿಗೂ ಮಾರುವ ಹರಳೇ ಸಾಕು. ಜರಡಿಯಲ್ಲಿ ಆಡಿಸಿ ಮಸಿ ಕಳೆದು, ತಳಕ್ಕೆ ತುಕ್ಕು ಹಿಡಿಯದ ಬಲೆ ಇಟ್ಟು ಹರಳು ತುಂಬಿ, ಡಬ್ಬಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕೂರಿಸಿ, ಮೇಲೆ ಇನ್ನೊಂದು ಬಲೆ ಇಟ್ಟು ಮುಚ್ಚಬೇಕು. ಒತ್ತಿ ತುರುಕಬಾರದು. ಮುಚ್ಚಳದ ಮೇಲೆ ತಾರೀಕು ಬರೆದಿಡಿ. ಒಳ್ಳೆಯ ಸ್ಥಿತಿಯಲ್ಲಿ ಒಂದು ತುಂಬು ಸುಮಾರು ಒಂದು ವರ್ಷ ಬಾಳುತ್ತದೆ. ವಾರವಿಡೀ ಜನ ತುಂಬುವ ದೋಣಿಯಲ್ಲಿ ಅದಕ್ಕೂ ಮೊದಲೇ ಮುಗಿಯುತ್ತದೆ. ನಾತ ಮರಳಿತೆಂದರೆ ಆಯುಸ್ಸು ತೀರಿತು ಎಂದು ತಿಳಿಯುವುದು.

ಡಬ್ಬಿಯನ್ನೇ ಮನೆಯಲ್ಲಿ ಮಾಡಿಕೊಳ್ಳುವುದೂ ಕಷ್ಟವಲ್ಲ. ಮೂರು ಇಂಚಿನ ಪಿವಿಸಿ ಪೈಪು ಒಂದು ಅಡಿ, ಒಂದು ತುದಿಗೆ ಅಂಟಿಸುವ ಮುಚ್ಚಳ, ಇನ್ನೊಂದಕ್ಕೆ ತಿರುಗಿಸಿ ತೆಗೆಯುವ ಮುಚ್ಚಳ, ಎರಡರ ನಡುವಿಗೂ ಕೊಳವೆಯ ಅಳತೆಯ ಮೂತಿ. ಇಷ್ಟರಲ್ಲಿ ಅರ್ಧ ಕಿಲೋಗಿಂತ ತುಸು ಹೆಚ್ಚು ಹರಳು ಹಿಡಿಸುತ್ತದೆ. ಕೊಳಾಯಿ ಕೆಲಸ ಬಲ್ಲವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಮೂತಿಯ ತೂತು ಕೊಳವೆಗಿಂತ ಕಿರಿದಾಗಬಾರದು, ಅಷ್ಟೇ.

ಮೂಗನ್ನು ನಂಬಬೇಡಿ

ಇನ್ನು ಹೇಳುವ ಮಾತನ್ನು ತಮಾಷೆಯಿಲ್ಲದೆ ಹೇಳುತ್ತೇವೆ. ಫಿಲ್ಟರಿನ ಕೆಲಸ ಎಷ್ಟು ಸುಲಭವೋ ತೊಟ್ಟಿಯ ಒಳಗೆ ತಲೆ ಹಾಕುವ ಕೆಲಸ ಅಷ್ಟೇ ಅಪಾಯಕಾರಿ. ಹೈಡ್ರೋಜನ್ ಸಲ್ಫೈಡನ್ನು ನಮ್ಮ ಮೂಗು ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಿದ್ದಾಗಲೇ ಗುರುತಿಸುತ್ತದೆ. ಆದರೆ ಅದು ಹತ್ತು ಲಕ್ಷಕ್ಕೆ ನೂರು ಪಾಲು ಆಯಿತೆಂದರೆ ಸ್ವಲ್ಪ ಹೊತ್ತಿನಲ್ಲೇ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. ನಾತ ನಿಂತಿತು, ಇನ್ನು ಪರವಾಗಿಲ್ಲ ಎಂದು ಇಳಿದವನು ಐನೂರು ಏಳುನೂರರ ಮಟ್ಟದಲ್ಲಿ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತಾನೆ. ಸಾವಿರದ ಹತ್ತಿರ ಒಂದೆರಡು ಉಸಿರು ಸಾಕು. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲೇ ಕೂತಿರುತ್ತದೆ.

2022ರ ಏಪ್ರಿಲಿನಲ್ಲಿ ಮಂಗಳೂರಿನ ಬಳಿ ಮೀನು ಸಂಸ್ಕರಿಸುವ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಬಿದ್ದ ಒಬ್ಬನನ್ನು ಎತ್ತಲು ಹೋಗಿ, ಒಬ್ಬರ ಹಿಂದೆ ಒಬ್ಬರಂತೆ ಐವರು ಪ್ರಾಣ ಬಿಟ್ಟರು. ಎಲ್ಲರೂ ಬಂಗಾಳದಿಂದ ದುಡಿಯಲು ಬಂದವರು. 2015ರ ನವೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ ಮ್ಯಾನ್‌ಹೋಲಿನಲ್ಲಿ ಸಿಲುಕಿದ ಆಂಧ್ರದ ಇಬ್ಬರು ಕಾರ್ಮಿಕರನ್ನು ಉಳಿಸಲು ಇಳಿದ ಆಟೋ ಚಾಲಕ ನೌಷಾದ್ ಅವರೊಡನೆಯೇ ಮಡಿದರು. ಗುರುತು ಪರಿಚಯವಿಲ್ಲದವರಿಗಾಗಿ ಇಳಿದ ಆ ಮನುಷ್ಯನ ದೊಡ್ಡತನದ ಮುಂದೆ ತಲೆಬಾಗುತ್ತಲೇ ಹೇಳಬೇಕಾದದ್ದು: ಬರಿಗೈಯಲ್ಲಿ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ಕೂಲಿ ಕೊಟ್ಟು ಹಾಗೆ ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ ಹತ್ತು ಲಕ್ಷವೆಂದು ವಿಧಿಸಿದ್ದು, 2023ರ ಅಕ್ಟೋಬರಿನಲ್ಲಿ ಮೂವತ್ತು ಲಕ್ಷಕ್ಕೆ ಏರಿಸಿತು.

ದೋಣಿಯ ತೊಟ್ಟಿ ಸಣ್ಣದು, ಅದರೊಳಗೆ ಯಾರು ಇಳಿಯುತ್ತಾರೆ ಎನ್ನಬಹುದು. ತೊಟ್ಟಿ ಇರುವ ಇಕ್ಕಟ್ಟಾದ ತಳಭಾಗವೂ ಮುಚ್ಚಿದ ಕೋಣೆಯೇ. ಮುಚ್ಚಳ ತೆರೆದು ಒಳಗೆ ಬಗ್ಗುವ ಕೆಲಸವಿದ್ದರೆ ಅದು ಯಂತ್ರವುಳ್ಳವರ ಕೆಲಸ. ಫಿಲ್ಟರ್ ಬದಲಿಸುವಾಗಲೂ ಮೇಲೆ ಒಬ್ಬರು ನಿಂತಿರಬೇಕು.

ದೋಣಿಯಿಲ್ಲದವರಿಗೆ

ನಮ್ಮ ಓದುಗರಲ್ಲಿ ದೋಣಿಯುಳ್ಳವರು ಬೆರಳೆಣಿಕೆಯವರು. ಸೆಪ್ಟಿಕ್ ಟ್ಯಾಂಕ್ ಇಲ್ಲದವರು ಅದಕ್ಕಿಂತಲೂ ವಿರಳ. ಅಲ್ಲಿಯೂ ಲೆಕ್ಕ ಇದೇ. ಮನೆಯ ಟ್ಯಾಂಕಿನ ಗಾಳಿಕೊಳವೆ ಎರಡು ಇಂಚಿಗಿಂತ ಸಣ್ಣದಿರಬಾರದು. ಮನೆಗೆ ಹತ್ತಿರವಿದ್ದರೆ ಮಾಡಿಗಿಂತ ಎರಡು ಮೀಟರು ಮೇಲಕ್ಕೆ ಹೋಗಬೇಕು, ತುದಿಗೆ ಸೊಳ್ಳೆಬಲೆ ಇರಬೇಕು. ಸೊಳ್ಳೆಗೆ ಹೆದರಿ ತುದಿಗೆ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟುವವರಿದ್ದಾರೆ. ಅವರ ಮನೆಯ ಬಚ್ಚಲಲ್ಲಿ ನಾತ ಯಾಕೆ ಬರುತ್ತದೆಂದು ಬೇರೆ ಹೇಳಬೇಕೆ? ಪೈಪನ್ನು ಎತ್ತರಿಸಿದರೆ ಹೆಚ್ಚಿನ ಮನೆಗಳಲ್ಲಿ ಇದ್ದಿಲಿನ ಅಗತ್ಯವೇ ಬಾರದು. ಪಕ್ಕದ ಮನೆಯ ಮಹಡಿಯ ಕಿಟಕಿ ಅದೇ ಎತ್ತರದಲ್ಲಿದ್ದು ದಿನವೂ ಜಗಳವಾಗುತ್ತಿದ್ದರೆ ಮೇಲೆ ಹೇಳಿದಂತೆಯೇ ಡಬ್ಬಿಯೊಂದನ್ನು ಮಾಡಿ ತುದಿಗೆ ಕೂರಿಸಬಹುದು. ಆದರೆ ಅದರ ಮೇಲೆ ಕೊಡೆಯಂಥ ಮರೆ ಬೇಕೇ ಬೇಕು. ನಮ್ಮ ಜೂನ್ ತಿಂಗಳ ಮಳೆಗೆ ತೆರೆದಿಟ್ಟ ಇದ್ದಿಲು ಒಂದು ದಿನವೂ ಉಳಿಯದು.

ತೆಗೆದ ಹಳೆಯ ಇದ್ದಿಲನ್ನು ಕುಡಿಯುವ ನೀರು ಸೋಸಲು, ಹಲ್ಲುಜ್ಜುವ ಉಮಿಕರಿಗೆ ಬೆರೆಸಲು, ಬಾವಿಯ ಬಳಿ ಸುರಿಯಲು ಹೋಗಬಾರದು. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿದು ಒರತೆ ಸೇರುತ್ತದೆ. ಬಾವಿಯಿಂದ ದೂರ ಗುಂಡಿ ತೋಡಿ ಹೂಳಬೇಕು. ಉಳಿದ ಹೊಸ ಹರಳನ್ನು ಗಾಳಿಯಾಡದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಳದ ಸುತ್ತ ಟೇಪು ಅಂಟಿಸಿಡಿ, ಇಲ್ಲದಿದ್ದರೆ ಅದು ಮಳೆಗಾಲವಿಡೀ ಅಟ್ಟದ ತೇವವನ್ನೂ ಉಪ್ಪುಮೀನಿನ ವಾಸನೆಯನ್ನೂ ಹೀರಿಕೊಂಡು, ಬೇಕಾದ ಹೊತ್ತಿಗೆ ಬರಿಯ ಕರಿಯ ಕಲ್ಲಾಗಿರುತ್ತದೆ.